ಇದೀಯೇನಮ್ಮಾ?

ನಿನ್ನೆ ರಾತ್ರಿ ಒಬ್ಬನೇ ಕೂತು ‘6-5=2’ ಮತ್ತೆ ನೋಡಿದೆ. 2013ರ ಸಿನಿಮಾ. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲೇ ಸಿಕ್ಕ ದೃಶ್ಯಗಳು ಅನ್ನೋ ಹಾಗೆ ತೆಗೆದದ್ದು. ಕಾಡು, ಕತ್ತಲು, ಏದುಸಿರು. ಏನೂ ಕಾಣದಿದ್ದಾಗಲೇ ನನಗೆ ಜಾಸ್ತಿ ಭಯ.

ಧಡಾರ್ ಅನ್ನೋ ಸದ್ದಿಗೆ ಸುಮ್ನೆ ಬೆಚ್ಚುತ್ತೇನೆ, ಅಷ್ಟೆ. ಕುಕ್ಕರ್ ಸೀಟಿಗೂ ಬೆಚ್ಚುತ್ತೇನೆ. ಹೆದರೋದು ಬೇರೆ ಅಲ್ವಾ?

1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ನನ್ನನ್ನು ಹೆದರಿಸಿದ್ದು ಅನಂತನಾಗ್ ಮುಖ. ಅಲ್ಲಿ ದೆವ್ವ ಹಿಡಿಯೋದು ಗಂಡನಿಗೆ. ದಿನಾ ಜೊತೆಗಿರೋ ಮನುಷ್ಯ ಇವನಲ್ಲ ಅನ್ನಿಸಿಬಿಟ್ಟರೆ? ಚಿಕ್ಕವನಿದ್ದಾಗ ಟಿವಿಯಲ್ಲಿ ಅದನ್ನು ನೋಡಿ, ಒಂದು ವಾರ ಅಮ್ಮನನ್ನು ಬಚ್ಚಲುಮನೆ ಬಾಗಿಲ ಹತ್ತಿರ ನಿಲ್ಲಿಸಿಕೊಂಡಿದ್ದೆ.

“ಇದೀಯೇನಮ್ಮಾ?”

“ಇದೀನಿ ಕಣೋ, ಬೇಗ ಬಾ.”

ಒಂದು ದಿನ ಉತ್ತರ ಬರಲಿಲ್ಲ. ಮತ್ತೆ ಕರೆದೆ. ಊಹೂಂ. ನಲ್ಲಿಯಿಂದ ಬಕೆಟ್‌ಗೆ ತೊಟ್ಟಿಕ್ಕುವ ನೀರಿನ ಸದ್ದು ಮಾತ್ರ. ಹಾಲು ಉಕ್ಕೀತು ಅಂತ ಅಮ್ಮ ಅಡುಗೆಮನೆಗೆ ಓಡಿದ್ದಳಂತೆ. ಆ ಅರ್ಧ ನಿಮಿಷದ ಭಯ ಆಮೇಲೆ ಯಾವ ಸಿನಿಮಾದಲ್ಲೂ ಸಿಕ್ಕಿಲ್ಲ.

ನಿನ್ನೆ ಸಿನಿಮಾ ಮುಗಿಸಿ ನೀರು ಕುಡಿಯೋಕೆ ಎದ್ದೆ. ಅಡುಗೆಮನೆಗೆ ಆರೇ ಹೆಜ್ಜೆ. ಫೋನಿನ ಟಾರ್ಚ್ ಹಾಕಿಕೊಂಡೇ ಹೋದೆ.