ಮುಟ್ಟುಕಾಡಿನಲ್ಲಿ ಇಳಕಲ್ಲಿನ ಮನೆ

ಚೆನ್ನೈನಲ್ಲಿ ಮದುವೆ ಮುಗಿಸಿಕೊಂಡು ಬೆಂಗಳೂರಿಗೆ ಹೊರಡುವ ಮೊದಲು ಒಂದು ದಿನ ಕೈಯಲ್ಲಿತ್ತು. ನಾವು ಹದಿನಾಲ್ಕು ಜನ, ಒಂದು ಟೆಂಪೊ ಟ್ರಾವೆಲರ್. ಅರ್ಧ ಜನಕ್ಕೆ ಸಮುದ್ರ ಬೇಕು, ಅರ್ಧ ಜನಕ್ಕೆ ಸೀರೆ ಅಂಗಡಿ ಬೇಕು. ಕೊನೆಗೆ ಭಾವನ ಹಟ ಗೆದ್ದು ಮುಟ್ಟುಕಾಡಿನ ದಕ್ಷಿಣಚಿತ್ರ ಎಂಬ ಹಳೆಯ ಮನೆಗಳ ವಸ್ತುಸಂಗ್ರಹಾಲಯಕ್ಕೆ ಹೋಗುವುದೆಂದಾಯಿತು. ಅದು ಮಂಗಳವಾರ ರಜೆ. ನಾವು ಮೊದಲು ಗೊತ್ತುಮಾಡಿದ್ದೂ ಮಂಗಳವಾರವನ್ನೇ! ಹಿಂದಿನ ರಾತ್ರಿ ಯಾರೋ ಮೊಬೈಲ್‌ನಲ್ಲಿ ನೋಡದಿದ್ದರೆ ಇಪ್ಪತ್ತೈದು ಕಿಲೋಮೀಟರ್ ಹೋಗಿ ಮುಚ್ಚಿದ ಗೇಟಿಗೆ ನಮಸ್ಕಾರ ಹಾಕಿ ಬರುತ್ತಿದ್ದೆವು.

ನಗರದಿಂದ ದಕ್ಷಿಣಕ್ಕೆ, ಮಹಾಬಲಿಪುರಕ್ಕೆ ಹೋಗುವ ಪೂರ್ವ ಕರಾವಳಿ ರಸ್ತೆಯ ಪಕ್ಕದಲ್ಲೇ ಈ ಜಾಗವಿದೆ. ಹತ್ತು ಎಕರೆಯಲ್ಲಿ ತಮಿಳುನಾಡು, ಕೇರಳ, ಕರ್ನಾಟಕ ಮತ್ತು ಆಂಧ್ರದ ಹದಿನೆಂಟು ಹಳೆಯ ಮನೆಗಳು. ಮಾಲೀಕರು ಕೆಡವಲು ಹೊರಟಿದ್ದ ಮನೆಗಳನ್ನು ಕೊಂಡು, ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ತಂದು, ಆಯಾ ಕಡೆಯ ಬಡಗಿಗಳಿಂದಲೇ ಮತ್ತೆ ಜೋಡಿಸಿದ್ದಾರೆ. ಎಲ್ಲವೂ ಹಾಗೆ ಬಂದವಲ್ಲ, ಕೆಲವನ್ನು ಹಳೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿದ್ದಾರೆ. ಆವರಣದ ವಿನ್ಯಾಸ ವಾಸ್ತುಶಿಲ್ಪಿ ಲಾರಿ ಬೇಕರ್ ಅವರದು. ಜನರಿಗೆ ತೆರೆದದ್ದು 1996ರ ಡಿಸೆಂಬರ್‌ನಲ್ಲಿ.

ಬೆಳಿಗ್ಗೆ ಹತ್ತಕ್ಕೇ ಒಳಗಿರಿ. ನಾವು ಇಡ್ಲಿ, ಕಾಫಿ, ಮತ್ತೆ ಕಾಫಿ ಎಂದು ತಲುಪುವಾಗ ಹನ್ನೊಂದೂವರೆ. ಮನೆಗಳ ಒಳಗೆ ತಂಪು, ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವ ದಾರಿಯಲ್ಲಿ ಕಡಲತೀರದ ಸೆಕೆ ಬೆನ್ನು ಬಿಡುವುದಿಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ವಾಸಿ. ಟೋಪಿ, ನೀರು ಇರಲಿ. ಊಟಕ್ಕೆ ಒಳಗೇ ವ್ಯವಸ್ಥೆಯಿದೆ, ಆದರೆ ಹದಿನಾಲ್ಕು ಜನ ಒಟ್ಟಿಗೆ ಕೂರಬೇಕೆಂದರೆ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಿ.

ನಮ್ಮ ದೊಡ್ಡ ತಪ್ಪು ಬೇರೆ. ತಮಿಳುನಾಡಿನಿಂದ ಆರಂಭಿಸಿ, ಚೆಟ್ಟಿನಾಡಿನ ವ್ಯಾಪಾರಿ ಮನೆಯ ತೇಗದ ಕಂಬಗಳ ಮುಂದೆ ಮುಕ್ಕಾಲು ಗಂಟೆ ಫೋಟೊ ತೆಗೆದುಕೊಂಡೆವು. ಕೇರಳದ ಪುದುಪ್ಪಳ್ಳಿಯಿಂದ ತಂದ ಸಿರಿಯನ್ ಕ್ರೈಸ್ತರ ಮನೆಯಲ್ಲಿ ಭತ್ತದ ಕಣಜವನ್ನು ಹೊಗಳುವಷ್ಟರಲ್ಲಿ ಎಲ್ಲರ ಕಾಲೂ ಸೋತಿತ್ತು. ಕರ್ನಾಟಕದ ಮನೆಗಳ ಹತ್ತಿರ ಬಂದಾಗ ಅರ್ಧ ಜನ ಮರದಡಿ ಕುಳಿತುಬಿಟ್ಟರು. ಆದ್ದರಿಂದ ನಮ್ಮ ಕಡೆಯವರು ಹೋದರೆ ನೇರವಾಗಿ ಕರ್ನಾಟಕಕ್ಕೆ ನಡೆಯಿರಿ, ಮಿಕ್ಕದ್ದನ್ನು ಆಮೇಲೆ ನೋಡಿ.

ಇಳಕಲ್ಲಿನ ನೇಕಾರರ ಮನೆ ಅಲ್ಲಿದೆ. ಕಲ್ಲಿನ ಗೋಡೆ, ಮಟ್ಟಸವಾದ ಮಾಳಿಗೆ. ಚೆಟ್ಟಿನಾಡಿನ ವೈಭವದ ನಂತರ ಇದರಲ್ಲಿ ಏನಿದೆ ಎಂದು ನಮ್ಮ ಹುಡುಗರು ಹೊರಟೇ ಬಿಡುತ್ತಿದ್ದರು. ಇಳಕಲ್ಲಿನ ಹತ್ತಿರದ ಹುನಗುಂದದಲ್ಲಿ ಹುಟ್ಟಿ ಬೆಳೆದ ದೊಡ್ಡಮ್ಮ ಮಾತ್ರ ಬಾಗಿಲಲ್ಲೇ ನಿಂತರು. ಇಳಕಲ್ ನೇಕಾರರ ಕುಣಿಮಗ್ಗವೆಂದರೆ ನೇಯುವವರು ನೆಲದ ಮಟ್ಟದಲ್ಲಿ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆ ತುಳಿಯುತ್ತಾ ನೇಯುವುದು. ಕುಣಿಯ ತೇವಕ್ಕೆ ಹತ್ತಿಯ ನೂಲು ಬೇಗ ಹರಿಯುವುದಿಲ್ಲ ಎಂದರು. ಅವರು ಉಟ್ಟಿದ್ದುದೂ ಇಳಕಲ್ ಸೀರೆಯೇ. ಸೆರಗನ್ನು ಮುಂದಕ್ಕೆಳೆದು, ಹತ್ತಿಯ ಒಡಲು ಮುಗಿದು ಕೆಂಪು ರೇಷ್ಮೆ ಶುರುವಾಗುವ ಗೆರೆಯ ಮೇಲೆ ನನ್ನ ಮಗಳ ಬೆರಳು ಇಟ್ಟರು. ಹೊಲಿದದ್ದಲ್ಲ, ಎರಡರ ಹಾಸಿನ, ಅಂದರೆ ಉದ್ದಕ್ಕೆ ಹೋಗುವ, ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಹದಿನೈದು ವರ್ಷದಿಂದ ಆ ಸೀರೆಯನ್ನು ನೋಡುತ್ತಿದ್ದ ನನಗೂ ಅದು ಗೊತ್ತಿರಲಿಲ್ಲ. ಫಲಕ ಓದಿಕೊಂಡು ಹೋಗಿದ್ದರೆ ಐದು ನಿಮಿಷದ ಮನೆ ಅದು; ದೊಡ್ಡಮ್ಮನಿಂದಾಗಿ ಒಂದು ಗಂಟೆ ಆಯಿತು. ಹಿರಿಯರಿಗೆ ಬಿಸಿಲು, ನಡಿಗೆ ಕಷ್ಟ ಎಂದು ಅವರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಅಲ್ಲಲ್ಲಿ ಜಗುಲಿಗಳಿವೆ, ಕುಳಿತು ಎದ್ದು ನಡೆಯಬಹುದು.

ಹತ್ತಿರದಲ್ಲೇ ಚಿಕ್ಕಮಗಳೂರಿನ ಮನೆಯೂ ಇದೆ. ಆಂಧ್ರದ ಕಡೆ ಗುಂಡನೆಯ ಗುಡಿಸಲು ಮನೆ ನೋಡಿ: ಹುಲ್ಲಿನ ಚಾವಣಿ ಬಹುತೇಕ ನೆಲ ಮುಟ್ಟುತ್ತದೆ, ಬಗ್ಗಿಯೇ ಒಳಹೋಗಬೇಕು. ಚಂಡಮಾರುತದ ಗಾಳಿಗೆ ಹಿಡಿಯಲು ಮೂಲೆ ಸಿಗಬಾರದೆಂದು ಆ ಆಕಾರ.

ಮಕ್ಕಳಿಗೆ ಕುಂಬಾರನ ತಿಗರಿಯೇ ಸಾಕು. ಸ್ವಲ್ಪ ಹಣ ಕೊಟ್ಟರೆ ಕೈಯಾರೆ ಮಾಡಿಸುತ್ತಾರೆ. ಚಿಲ್ಲರೆ ಇಟ್ಟುಕೊಳ್ಳಿ, ಮಗುವಿಗೆ ಇನ್ನೊಂದು ಅಂಗಿಯನ್ನೂ. ಹಾಗೆಯೇ ಗಟ್ಟಿಯಾದ ಒಂದು ಡಬ್ಬಿ. ನನ್ನ ಮಗಳು ಮಾಡಿದ ಹಸಿ ಮಡಕೆಯನ್ನು ಪತ್ರಿಕೆಯಲ್ಲಿ ಸುತ್ತಿ ಸೀಟಿನ ಮೇಲಿಟ್ಟಿದ್ದೆವು. ಕೃಷ್ಣಗಿರಿ ಬರುವ ಹೊತ್ತಿಗೆ ಭಾವ ನಿದ್ದೆಗಣ್ಣಿನಲ್ಲಿ ಅದರ ಮೇಲೆ ಕೂತು, ಅದನ್ನು ತಟ್ಟೆ ಮಾಡಿದ್ದರು.