ಸರಪಳಿ ಅಡ್ಡ ಹಾಕಿದ್ದೀಯಾ, ಲೈಟು ಹತ್ತಿತಾ?

ಇಲ್ಲಿ ಅಮೆರಿಕದ ಮಿನೆಸೋಟದಲ್ಲಿ ಅಕ್ಟೋಬರ್ ಬಂತೆಂದರೆ ದೋಣಿ ಇರುವವರಿಗೆಲ್ಲ ಒಂದೇ ಅವಸರ: ಕೆರೆ ಹೆಪ್ಪುಗಟ್ಟುವ ಮೊದಲು ಅದನ್ನು ಮೇಲೆ ತರಬೇಕು. ಜೂನ್ 1ರಿಂದ ಜುಲೈ 31ರ ತನಕ ಮಲ್ಪೆ ದಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಲ್ಲುವುದನ್ನು ನೋಡಿ ಬೆಳೆದವನು ನಾನು. ಅಲ್ಲಿ ಮಳೆಗೆ ರಜೆ, ಇಲ್ಲಿ ಮಂಜುಗಡ್ಡೆಗೆ. ನನ್ನ ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿಯನ್ನೂ ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆದು ತರುತ್ತೇನೆ.

ಮೊನ್ನೆ ಊರಿನಿಂದ ತಮ್ಮನ ಫೋನ್. ಸಣ್ಣ ಫೈಬರ್ ದೋಣಿ ತೆಗೆದುಕೊಂಡಿದ್ದಾನೆ, ಅದಕ್ಕೊಂದು ಟ್ರೇಲರ್ ವೆಲ್ಡಿಂಗ್ ಮಾಡಿಸಿದ್ದಾನೆ, ಮಲ್ಪೆಯಿಂದ ಕಲ್ಯಾಣಪುರಕ್ಕೆ ಜೀಪಿನಲ್ಲಿ ಎಳೆಯುತ್ತಾನಂತೆ. "ಎಲ್ಲ ಆಯ್ತು, ವೈರಿಂಗ್ ಮಾತ್ರ ಬಾಕಿ. ಹಗಲು ಹೊತ್ತಲ್ವಾ ಹೋಗುವುದು, ಲೈಟು ಎಂತಕ್ಕೆ?" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವರ್ಷಗಳ ಹಿಂದೆ ನಮ್ಮ ಮಾವನ ಸ್ಕೂಟರು ಹೈವೇ ಬದಿಯಲ್ಲಿ ಲೈಟಿಲ್ಲದೆ ನಿಂತಿದ್ದ ಟ್ರೇಲರಿಗೆ ಗುದ್ದಿತ್ತು. ಅವರ ಬಲಗಾಲು ಇವತ್ತಿಗೂ ಮಡಚುವುದಿಲ್ಲ. ಹಾಗಾಗಿ ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲು ಕೊಂಡಿ. ಗಾಡಿಯ ಹಿಂದಿನ ಉಕ್ಕಿನ ಗುಂಡಿನ ಮೇಲೆ ಟ್ರೇಲರಿನ ಮೂತಿ, ಅಂದರೆ ಕಪ್ಲರ್, ಕೂರುತ್ತದೆ. ಎರಡರ ಅಳತೆ ಒಂದೇ ಇರಬೇಕು. ಇಲ್ಲಿ ಒಂದು ಮುಕ್ಕಾಲು ಇಂಚಿಗಿಂತ ತುಸು ದೊಡ್ಡ ಗುಂಡು ಉಂಟು, ಎರಡಿಂಚಿನದ್ದೂ ಉಂಟು. ಎರಡಿಂಚಿನ ಕಪ್ಲರ್ ಸಣ್ಣ ಗುಂಡಿನ ಮೇಲೂ ಕೂತ ಹಾಗೆ ಕಾಣುತ್ತದೆ, ಚಿಲಕವೂ ಬೀಳುತ್ತದೆ. ಹಂಪು ಸಿಕ್ಕಿದ ಕೂಡಲೇ ಹಾರುತ್ತದೆ. ಅದಕ್ಕೇ ಚಿಲಕ ಹಾಕಿದ ಮೇಲೆ ಟ್ರೇಲರಿನ ಜಾಕ್ ತಿರುಗಿಸಿ ಮೂತಿಯನ್ನು ಎತ್ತಿ ನೋಡಬೇಕು. ಗಾಡಿಯ ಹಿಂಭಾಗವೂ ಜೊತೆಗೇ ಮೇಲೆದ್ದರೆ ಹಿಡಿತ ಸರಿ ಉಂಟು ಎಂದರ್ಥ. ಆಮೇಲೆ ಚಿಲಕಕ್ಕೆ ಪಿನ್.

ಇನ್ನು ಸರಪಳಿ. ಊರಿನಲ್ಲಿ ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡು ಸರಪಳಿ ಬೇಕು, ಅವು ಮೂತಿಯ ಅಡಿಯಲ್ಲಿ ಒಂದರ ಮೇಲೊಂದು ಅಡ್ಡ ಹಾದು ಹೋಗಬೇಕು. ಎಡದ್ದು ಗಾಡಿಯ ಬಲಗೊಕ್ಕೆಗೆ, ಬಲದ್ದು ಎಡಕ್ಕೆ. ಹಾಗೆ ಹಾಕಿದರೆ ಅಡಿಯಲ್ಲಿ ಒಂದು ತೊಟ್ಟಿಲು ಆಗುತ್ತದೆ. ಕೊಂಡಿ ಕಳಚಿದರೂ ಮೂತಿ ಆ ತೊಟ್ಟಿಲಿಗೆ ಬೀಳುತ್ತದೆ, ರಸ್ತೆಗೆ ಚುಚ್ಚುವುದಿಲ್ಲ. ನೇರ ಹಾಕಿದರೆ ಟ್ರೇಲರ್ ನೆಲಕ್ಕೆ ಚುಚ್ಚಿ ಮಗುಚಬಹುದು. ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಬೇಕು, ಆದರೆ ಡಾಮರಿಗೆ ತಾಗಬಾರದು. ಎಳೆದುಕೊಂಡು ಹೋದ ಸರಪಳಿಯ ಒಂದು ಕೊಂಡಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಂದು ಬದಿ ಸವೆದು ಕತ್ತಿಯ ಅಲಗಿನಷ್ಟು ತೆಳು. ಮೇಲಿಂದ ಕಿಡಿ ಬೇರೆ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಕಾರ್' (Carr) ಎಂಬ ಹೆಸರಿನ ಕಾಡ್ಗಿಚ್ಚು ಹತ್ತಿದ್ದು ಟ್ರೇಲರೊಂದರ ಟಯರ್ ಒಡೆದು ರಿಮ್ಮು ಡಾಮರಿಗೆ ಉಜ್ಜಿದ ಕಿಡಿಯಿಂದ. ಒಣಹುಲ್ಲಿಗೆ ಸರಪಳಿಯ ಕಿಡಿಯಾದರೇನು, ರಿಮ್ಮಿನ ಕಿಡಿಯಾದರೇನು?

ಭಾರದ ಟ್ರೇಲರಿಗೆ ಅದರದ್ದೇ ಬ್ರೇಕು, ಜೊತೆಗೆ ಒಂದು ತೆಳು ಉಕ್ಕಿನ ಹಗ್ಗವೂ ಇರುತ್ತದೆ. ಟ್ರೇಲರ್ ಕಳಚಿದರೆ ಹಗ್ಗ ಬ್ರೇಕಿಗೆ ಸೇರಿದ ಪಿನ್ನನ್ನು ಕೀಳುತ್ತದೆ, ಬ್ರೇಕು ತಾನಾಗಿ ಹಿಡಿಯುತ್ತದೆ. ಆ ಹಗ್ಗವನ್ನು ಸರಪಳಿಗೆ ಸಿಕ್ಕಿಸಬಾರದು, ಗಾಡಿಗೇ ಕಟ್ಟಬೇಕು. ತಮ್ಮನದ್ದು ಸಣ್ಣ ಟ್ರೇಲರ್, ಇದರ ಅಗತ್ಯ ಬೀಳಲಿಕ್ಕಿಲ್ಲ.

ಅವನನ್ನು ನಾನು ಹೆಚ್ಚು ಹೊತ್ತು ಕೂರಿಸಿಕೊಂಡದ್ದು ವೈರಿಂಗಿಗೆ. ಅಮೆರಿಕದ ಸಣ್ಣ ಟ್ರೇಲರಿನಲ್ಲಿ ನಾಲ್ಕೇ ವೈರು: ಬಿಳಿ ಅರ್ತ್ (ಕರೆಂಟು ವಾಪಸು ಹೋಗುವ ವೈರು), ಕಂದು ಟೇಲ್ ಲ್ಯಾಂಪ್, ಹಳದಿ ಎಡ, ಹಸಿರು ಬಲ. ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ದೀಪ. ಊರಿನ ಗಾಡಿಯಲ್ಲಿ ಬ್ರೇಕು ಕೆಂಪು, ಇಂಡಿಕೇಟರ್ ಹಳದಿ, ಎರಡೂ ಬೇರೆ. ಹಾಗಾಗಿ ಇಲ್ಲಿನ ವೀಡಿಯೋ ನೋಡಿ ನಾಲ್ಕು ವೈರು ಎಳೆಯಬೇಡಿ. ಅರ್ತ್, ಟೇಲ್, ಬ್ರೇಕ್, ಎಡ, ಬಲ: ಕಡಿಮೆಯೆಂದರೆ ಐದು ಬೇಕು.

ಲೈಟು ಹುಚ್ಚುಹುಚ್ಚಾಗಿ ಆಡಿದರೆ ಮೊದಲು ಅರ್ತ್ ಹಿಡಿಯಿರಿ. ಬ್ರೇಕ್ ಒತ್ತಿದರೆ ಟೇಲ್ ಮಂಕಾಗುವುದು, ಎಡ ಹಾಕಿದರೆ ಬಲವೂ ಮಿನುಗುವುದು, ಎಲ್ಲ ಅದರದ್ದೇ ಕೆಲಸ. ಕರೆಂಟಿಗೆ ವಾಪಸು ಹೋಗುವ ದಾರಿ ಸಿಗದಿದ್ದರೆ ಅದು ಪಕ್ಕದ ಬಲ್ಬಿನೊಳಗಿಂದ ನುಗ್ಗುತ್ತದೆ. ಗುಂಡು ಮತ್ತು ಕಪ್ಲರ್ ತಾಗುತ್ತವಲ್ಲ, ಅದೇ ಅರ್ತ್ ಸಾಕು ಎಂದು ಬಿಡುವವರಿದ್ದಾರೆ. ಸಾಲದು. ಅಲ್ಲಿ ಗ್ರೀಸ್, ತುಕ್ಕು ಎರಡೂ ಇರುತ್ತವೆ. ಟ್ರೇಲರಿನ ವೈರುಗಳನ್ನು ಗಾಡಿಗೆ ಸಿಕ್ಕಿಸುವ ಪ್ಲಗ್ಗಿನಿಂದಲೇ ಅರ್ತಿಗೆ ಬೇರೆ ವೈರು ಬರಬೇಕು. ಮಲ್ಪೆಯ ಉಪ್ಪುಗಾಳಿಯಲ್ಲಂತೂ ಜೋಡಣೆಗೆ ಗ್ರೀಸ್ ಹಚ್ಚದೆ ಬಿಟ್ಟರೆ ಒಂದು ಮಳೆಗಾಲ ದಾಟುವುದು ಕಷ್ಟ. ಮತ್ತೆ, ದೋಣಿ ಇಳಿಸಲು ಟ್ರೇಲರನ್ನು ನೀರಿಗೆ ಬಿಡುವ ಮೊದಲು ಪ್ಲಗ್ ಕೀಳಿ. ಬಿಸಿ ಬಲ್ಬಿಗೆ ತಣ್ಣೀರು ತಾಗಿದರೆ ಒಡೆಯುತ್ತದೆ.

ಭಾನುವಾರ ನನಗೆ ಬೆಳಗ್ಗೆ, ಅವರಿಗೆ ಕತ್ತಲಾದ ಹೊತ್ತು, ಅಂಗಳದಿಂದ ವೀಡಿಯೋ ಕಾಲ್ ಬಂತು. ತಮ್ಮನ ಹೆಂಡತಿ ಜೀಪಿನೊಳಗೆ, ಮಗ ಟ್ರೇಲರಿನ ಹಿಂದೆ. "ಎಡ ಉಂಟು! ಬಲ ಉಂಟು! ಬ್ರೇಕ್... ಅಪ್ಪಾ, ಈಚೆಯದ್ದು ಮಂಕು!" ಬಲಗಡೆಯ ದೀಪದ ಬೋಲ್ಟು ಬಿಚ್ಚಿ ನೋಡು ಅಂದೆ. ಹೊಸ ಪೈಂಟಿನ ಮೇಲೆಯೇ ಅರ್ತ್ ಕೂರಿಸಿದ್ದರು. ತಮ್ಮ ಮರಳುಕಾಗದ ತಂದು ಉಜ್ಜಿದ. ನೀಲಿ ಬಣ್ಣ ಹೋಗಿ ನಾಲ್ಕಾಣೆಯಷ್ಟಗಲ ಕಬ್ಬಿಣ ಬೆಳ್ಳಗೆ ಹೊಳೆಯಿತು. ಬೋಲ್ಟು ಬಿಗಿದು ಮತ್ತೆ ಬ್ರೇಕ್ ಒತ್ತಿಸಿದ. ಹಿಂದಿನ ತೆಂಗಿನ ಬುಡಗಳೆರಡೂ ಒಂದೇ ಸಮ ಕೆಂಪಾದವು.