ಬನ್ನಿ: ಮೇಲೆ ಸಿಹಿನೀರು, ಕೆಳಗೆ ಉಪ್ಪು

ಕಚ್ಛ್‌ನ ನಕ್ಷೆಯಲ್ಲಿ ‘ಬನ್ನಿ’ ಎಂದು ಕಂಡರೆ ಕನ್ನಡಿಗರಿಗೆ ಮೊದಲು ಹೊಳೆಯುವುದು ಬಾಗಿಲಲ್ಲಿ ನಿಂತು ಕರೆಯುವ ದನಿ, ಆಮೇಲೆ ದಸರೆಯ ಬನ್ನಿ ಮರ. ಅಲ್ಲಿನವರು ಹೇಳುವ ಅರ್ಥ ಬೇರೆ. ನದಿಗಳು ತಂದು ಸುರಿದ ಮಣ್ಣಿನಿಂದ ‘ಆದದ್ದು’, ಅದಕ್ಕೇ ಬನ್ನಿ. ಭುಜ್‌ನ ಉತ್ತರಕ್ಕೆ, ದೊಡ್ಡ ರಣ ಎಂಬ ಉಪ್ಪಿನ ಬಯಲಿಗೆ ಅಂಟಿಕೊಂಡು ಸುಮಾರು 2,500 ಚದರ ಕಿಲೋಮೀಟರ್ ಹರಡಿದ ಹುಲ್ಲುಗಾವಲು ಇದು. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ. ವಿಪರ್ಯಾಸವೆಂದರೆ ನಮ್ಮ ಬನ್ನಿ ಮರದ ದಾಯಾದಿಯೇ ಈ ಬನ್ನಿಯನ್ನು ನುಂಗುತ್ತಿದೆ. ಅದು ಬಳ್ಳಾರಿ ಜಾಲಿ. ಅಲ್ಲಿ ಅದರ ಹೆಸರು ಗಾಂಡೊ ಬಾವಳ, ಅಂದರೆ ಹುಚ್ಚು ಜಾಲಿ. ರಣದ ಉಪ್ಪು ಒಳಗೆ ಹಬ್ಬದಿರಲಿ ಎಂದು 1960ರ ದಶಕದ ಆರಂಭದಲ್ಲಿ ನೆಟ್ಟದ್ದು. ಕಾಯಿ ಸಿಹಿ, ದನ ತಿನ್ನುತ್ತದೆ, ಬೀಜ ಸಗಣಿಯಲ್ಲಿ ಊರೂರು ಸುತ್ತುತ್ತದೆ. ಬುಡದಲ್ಲಿ ಕಡಿದು ಬಿಟ್ಟರೆ ಒಂದಿದ್ದದ್ದು ಹತ್ತು ಕವಲಾಗಿ ಏಳುತ್ತದೆ; ಬೇರು ಕೀಳಬೇಕು. ಈ ಕಾಯಿ ತಿಂದು ಹಸು ಸೊರಗುತ್ತದೆ, ಎಮ್ಮೆ ಒಂದಿಷ್ಟು ತಾಳಿಕೊಳ್ಳುತ್ತದೆ. ಕಾಂಕ್ರೇಜ್ ಹಸು ಸಾಕುತ್ತಿದ್ದ ಎಷ್ಟೋ ಮನೆಗಳು ಎಮ್ಮೆಗೆ ಹೊರಳಲು ಅದೂ ಒಂದು ಕಾರಣ.

ಭುಜ್‌ನ ಎರಡು ದಿನ ಬಿಡೋಣ, ಅದು ಎಲ್ಲರೂ ಬರೆಯುವ ಊರು. ಅಲ್ಲಿಂದ ಉತ್ತರಕ್ಕೆ ಹೊರಟರೆ ಭಿರಂಡಿಯಾರಾ ಬರುತ್ತದೆ. ಎಡಕ್ಕೆ ಧೋರ್ಡೊ, ನೇರ ಹೋದರೆ ಖಾವಡಾ. ಮುಂದಿನದು ಗಡಿ ಪ್ರದೇಶ, ಪರವಾನಗಿ ಬೇಕು. ಚಾಲಕನೂ ಸೇರಿ ಪ್ರತಿಯೊಬ್ಬರ ಗುರುತಿನ ಚೀಟಿಯ ಜೆರಾಕ್ಸ್ ಭುಜ್‌ನಲ್ಲೇ ತೆಗೆಸಿಡಿ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಕಿಟಕಿ ತಲುಪಿದ ಮೇಲೆ ‘ಡ್ರೈವರದ್ದು ಎಲ್ಲಿ?’ ಎಂದು ಕೇಳಿಸಿಕೊಳ್ಳುವುದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಕಾಯುವವರಿಗೆ ಒಂದೇ ಸಮಾಧಾನ ಭಿರಂಡಿಯಾರಾದ ಮಾವಾ: ಎಮ್ಮೆ ಹಾಲನ್ನು ಬತ್ತಿಸಿ ಸಕ್ಕರೆ ಹಾಕಿದ ಖೋವಾ. ಬಿಸಿಯಿರುವಾಗಲೇ ತಿನ್ನಬೇಕು, ಕಟ್ಟಿಸಿಕೊಂಡು ಊರಿಗೆ ತಂದದ್ದು ಬರೀ ಸಿಹಿ.

ಧೋರ್ಡೊದ ಡೇರೆ ನಗರ, ಬಣ್ಣದ ದೀಪ, ಒಂಟೆ ಗಾಡಿಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಬಿಳಿ ರಣ ಚೆಂದವೇ, ಆದರೆ ಹುಣ್ಣಿಮೆಗೆ ಹೋದರೆ ಕಾಣುವುದು ಜನ.

ನೋಡಬೇಕಾದದ್ದು ವಿರ್ಡಾ. ಉಪ್ಪುನೆಲದಲ್ಲಿ ಸಿಹಿನೀರು ತೆಗೆಯುವ ಈ ಗುಂಡಿಯನ್ನು ತೋಡುವವರು ಮಾಲ್ಧಾರಿಗಳು. ದನಕರುವೇ ಇವರಿಗೆ ‘ಮಾಲು’. ಅದನ್ನು ಉಳ್ಳವರು ಮಾಲ್ಧಾರಿ. ಮುತ್ವಾ, ಹಾಲೆಪೋತ್ರಾ, ಜತ್, ನೋಡೆ, ಸಮಾ ಹೀಗೆ ಹಲವು ಪಂಗಡಗಳಿವೆ. ಹೆಚ್ಚಿನವರು ಮುಸ್ಲಿಮರು, ಹಲವರ ಮೂಲ ಸಿಂಧ್. ಜೊತೆಗೆ ಚರ್ಮದ ಕೆಲಸ, ಕಸೂತಿಗೆ ಹೆಸರಾದ ಮೇಘ್ವಾಳರು.

ವಿರ್ಡಾ ಎಲ್ಲೆಂದರಲ್ಲಿ ಆಗುವುದಿಲ್ಲ. ಮಳೆಗಾಲದಲ್ಲಿ ನೀರು ಹರಿದು ನಿಲ್ಲುವ ತಗ್ಗು ಬೇಕು. ಆ ನೀರು ಇಂಗಿ, ಹಗುರವಾದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ಕೂತಿರುತ್ತದೆ. ನೀರು ಒಣಗಿದ ತಗ್ಗಿನಲ್ಲಿ ಮೂರು-ನಾಲ್ಕು ಮೀಟರ್ ತೋಡುತ್ತಾರೆ. ಮಣ್ಣು ಸಡಿಲ, ಹಾಗೇ ಬಿಟ್ಟರೆ ಕುಸಿಯುತ್ತದೆ. ಅದಕ್ಕೆ ಮರದ ತುಂಡುಗಳನ್ನು ಚೌಕವಾಗಿ ಒಂದರ ಮೇಲೊಂದು ಕೂರಿಸಿ, ತುಂಡಿಗೂ ಮಣ್ಣಿಗೂ ನಡುವೆ ಹುಲ್ಲು ತುರುಕುತ್ತಾರೆ. ಹುಲ್ಲು ಹೂಳು ತಡೆಯುತ್ತದೆ, ನೀರು ಬಿಡುತ್ತದೆ. ಪಕ್ಕದಲ್ಲಿ ಮಣ್ಣಿನ ಬಾನಿ. ದನ ಕುಡಿಯುವುದು ಅದರಲ್ಲಿ. ಒಂದೇ ತಗ್ಗಿನಲ್ಲಿ ಹತ್ತಿಪ್ಪತ್ತು ವಿರ್ಡಾ ಇರುವುದುಂಟು, ಆದರೆ ಎಲ್ಲವನ್ನೂ ಒಟ್ಟಿಗೆ ತೆರೆಯುವುದಿಲ್ಲ.

ಕಾರಣ ನಮ್ಮ ಕರಾವಳಿಯವರಿಗೆ ಗೊತ್ತು. ಕಡಲ ಬದಿಯ ಬಾವಿಗೆ ದೊಡ್ಡ ಪಂಪು ಹಚ್ಚಿದರೆ ನೀರು ಉಪ್ಪಾಗುತ್ತದಲ್ಲ, ಅದೇ ಲೆಕ್ಕ. ಸಮುದ್ರದ ನೀರಿನ ಮೇಲೆ ತೇಲುವ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ, ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರಲು ಹವಣಿಸುತ್ತದೆ. ರಣದ ನೀರು ಸಮುದ್ರಕ್ಕಿಂತ ಉಪ್ಪು. ಪ್ರಮಾಣ ಬದಲಾಗುತ್ತದೆ, ಸ್ವಭಾವ ಅದೇ. ಆದ್ದರಿಂದ ಪಂಪು ಇಲ್ಲ, ಕೈಯಲ್ಲೇ ಸೇದುವುದು, ಅದೂ ನಿಧಾನವಾಗಿ.

ನೀರು ಸೇದುತ್ತಿದ್ದ ಹಿರಿಯರೊಬ್ಬರ ಜೊತೆ ಮಾತು ಇಲ್ಲೇ ನಿಂತಿತು.

“ಇನ್ನೊಂದಾಳು ಆಳ ತೋಡಿದರೆ ಹೆಚ್ಚು ನೀರು ಸಿಗೋದಿಲ್ಲವೇ, ಚಾಚಾ?”

“ಸಿಗುತ್ತೆ. ಕುಡಿಯೋರು ಯಾರು?”

“ಉಪ್ಪಾಯಿತು ಅಂತ ಹೇಗೆ ಗೊತ್ತಾಗುತ್ತೆ?”

ಅವರು ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. “ನನಗೆ ತಡವಾಗಿ ಗೊತ್ತಾಗುತ್ತೆ. ಎಮ್ಮೆ ಬಾನಿಗೆ ಮೂತಿ ಇಟ್ಟು ತಲೆ ಎತ್ತಿತು ಅನ್ನು, ಇದನ್ನ ಮಣ್ಣು ಹಾಕಿ ಮುಚ್ಚಿ ಇನ್ನೊಂದು ತೆಗೀತೀವಿ.”

“ಇದು ಹೋದ ಹಾಗೇನಾ?”

“ಹೋಗೋದೇಕೆ? ಮಳೆ ಬರಲಿ ಬೇಟಾ, ಮಲಗಿರುತ್ತೆ.”

ಬೊಗಸೆಯಲ್ಲಿ ಕೊಟ್ಟ ನೀರು ತಣ್ಣಗಿತ್ತು, ಒಂದಿಷ್ಟು ಹುಲ್ಲಿನ ವಾಸನೆ. ಗುಂಡಿಯಿಂದ ಹತ್ತು ಮಾರು ಆಚೆ ನೆಲದ ಮೇಲೆ ಉಪ್ಪು ಹಿಟ್ಟಿನ ಹಾಗೆ ಉದುರಿತ್ತು.

ಎಮ್ಮೆಗೆ ಅಲ್ಲಿ ಸಿಗುವ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಒಳಕ್ಕೆ ಬಿಗಿಯಾಗಿ ಸುರುಳಿ ಸುತ್ತಿದ ಕೊಂಬಿನ ಬನ್ನಿ ಎಮ್ಮೆಯನ್ನು ಪ್ರತ್ಯೇಕ ತಳಿಯೆಂದು ಒಪ್ಪಿದ್ದು 2010ರಲ್ಲಿ. ಬೇಸಿಗೆಯ ಹಗಲು ಮೇಯಲಾಗದ ಬಿಸಿಲು. ಆದ್ದರಿಂದ ಸಂಜೆ ಹಾಲು ಕರೆದ ಮೇಲೆ ಬಿಡುತ್ತಾರೆ. ಎಮ್ಮೆಗಳು ರಾತ್ರಿಯಿಡೀ ಮೈಲಿಗಟ್ಟಲೆ ಮೇಯ್ದು ಬೆಳಗಿನ ಹಾಲಿನ ಹೊತ್ತಿಗೆ ತಾವೇ ಮನೆಗೆ ಬರುತ್ತವೆ. ಕತ್ತಲಲ್ಲಿ ಯಾರ ಹಿಂಡು ಎಲ್ಲಿದೆ ಎಂದು ತಿಳಿಯುವುದು ಗಂಟೆಯಿಂದ. ನಿರೋಣಾ, ಝುರಾ ಊರುಗಳ ಲೋಹಾರರು ಅದನ್ನು ಗುಜರಿ ಕಬ್ಬಿಣದ ತಗಡಿನಲ್ಲಿ ಮಾಡುತ್ತಾರೆ. ಬೆಸುಗೆ ಇಲ್ಲ, ಅಂಚಿಗೆ ಅಂಚು ಮಡಚಿ ಬಡಿಯುವುದು. ಮಣ್ಣಿನ ನೀರು ಬಳಿದು, ತಾಮ್ರದ ಪುಡಿ ಮೆತ್ತಿ, ಮಣ್ಣುಬಟ್ಟೆಯಲ್ಲಿ ಸುತ್ತಿ ಕುಲುಮೆಗೆ ಹಾಕಿದರೆ ತಾಮ್ರ ಕರಗಿ ಮೈಗೆ ಹಿಡಿಯುತ್ತದೆ. ನಾಲಗೆ ಮರದ್ದು. ಕೊನೆಗೆ ಅಂಚನ್ನು ಸುತ್ತಿಗೆಯಿಂದ ಅಷ್ಟಷ್ಟೇ ತಟ್ಟಿ ದನಿ ಕೂಡಿಸುತ್ತಾರೆ. ಕೊಳ್ಳುವವರು ಹೊಳಪು ನೋಡಬೇಡಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ದನಿ ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ.

ರಣದ ಕಡೆ ಗಾಡಿ ಇಳಿಸುವ ಮುನ್ನ ಒಂದು ಮಾತು. ಮೇಲಿನ ಬಿಳಿ ಪದರ ಗಟ್ಟಿ, ಕೆಳಗೆ ಕಪ್ಪು ಜೇಡಿ. ಹಿಮ್ಮಡಿ ಊರಿ ಕುಟ್ಟಿ ನೋಡಿ. ಕಪ್ಪು ಕೆಸರು ಮೇಲೆ ಬಂದರೆ ಅಲ್ಲಿಂದಲೇ ಹಿಂದಿರುಗಿ. ಹೂತ ಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಹೊಟ್ಟೆಯ ಮೇಲೆ ಕೂರುತ್ತದೆ. ಟೈರಿನ ಗಾಳಿ ಅರ್ಧಕ್ಕಿಳಿಸಿ, ಚಕ್ರದಡಿ ಗೋಣಿಚೀಲ ಹಾಸಿ. ಹತ್ತಿರ ಸಿಕ್ಕಿತೆಂದು ಜಾಲಿ ಕೊಂಬೆ ಹಾಕಿದರೆ ಹೂತ ಟೈರು ಪಂಕ್ಚರೂ ಆಗುತ್ತದೆ.

ಖಾವಡಾ ದಾಟಿ, ಸುಮಾರು 460 ಮೀಟರ್ ಎತ್ತರದ ಕಾಳೋ ಡುಂಗರ್ ಹತ್ತಿದರೆ ಉತ್ತರಕ್ಕೆ ಬಿಳುಪು ಬಿಟ್ಟು ಇನ್ನೇನೂ ಕಾಣದು. ಆ ಬಿಳುಪಿನ ಆಚೆ, 1819ರ ಜೂನ್ 16ರ ಭೂಕಂಪದಲ್ಲಿ ನೆಲವೇ ಉಬ್ಬಿ 80 ಕಿಲೋಮೀಟರಿಗೂ ಉದ್ದದ ಏರಿಯಾಯಿತು. ಜನ ಅದನ್ನು ಅಲ್ಲಾ ಬಂದ್ ಎಂದರು, ದೇವರು ಕಟ್ಟಿದ ಕಟ್ಟೆ. ಸಿಂದ್ರಿ ಕೋಟೆ ಮುಳುಗಿತು, ಸಿಂಧೂ ನದಿಯ ಕವಲಿನ ನೀರು ಕಚ್ಛ್‌ಗೆ ತಪ್ಪಿತು, ಲಖ್ಪತ್ ಬಂದರು ಬಡವಾಯಿತು.

ಗಡಿಯ ಕಥೆ ಇನ್ನೂ ವಿಚಿತ್ರ. 1965ರ ಏಪ್ರಿಲ್‌ನಲ್ಲಿ ಇಲ್ಲಿ ಭಾರತ, ಪಾಕಿಸ್ತಾನ ಕಾದಾಡಿದವು. ಸ್ವೀಡನ್, ಯುಗೊಸ್ಲಾವಿಯ, ಇರಾನ್‌ನ ಮೂವರ ನ್ಯಾಯಮಂಡಳಿ ಜಿನೀವಾದಲ್ಲಿ ಕೂತು, 1968ರ ಫೆಬ್ರವರಿ 19ರಂದು ತೀರ್ಪಿತ್ತಿತು. ಪಾಕಿಸ್ತಾನ ಕೇಳಿದ್ದರಲ್ಲಿ ಸುಮಾರು ಹತ್ತನೇ ಒಂದು ಭಾಗ ಅದಕ್ಕೆ ಸಿಕ್ಕಿತು, ಉಳಿದದ್ದು ನಮಗೆ. ಹಾಗೆ ಹೋದದ್ದರಲ್ಲಿ ಧಾರಾ ಬನ್ನಿ, ಛಡ್ ಬೇಟ್ ಎಂಬ ಹುಲ್ಲುದಿಬ್ಬಗಳೂ ಇದ್ದವು. ಅಲ್ಲಿ ಬಹಳ ಕಾಲದಿಂದ ದನ ಮೇಯಿಸುತ್ತಿದ್ದವರು ಸಿಂಧ್‌ನವರು ಎಂಬುದು ಆ ತೀರ್ಮಾನಕ್ಕೆ ಒಂದು ಮುಖ್ಯ ಆಧಾರ. ಉಪ್ಪಿನ ನಡುವೆ ಯಾರ ದನ ಯಾವ ಹುಲ್ಲು ಮೇಯ್ದಿತ್ತು ಎಂಬುದು ಜಿನೀವಾದವರೆಗೆ ಹೋದ ದಾಖಲೆ.

ಬೆಟ್ಟ ಇಳಿದು ಗಡಿಯ ದಾರಿಯ ಸೇತುವೆ ಇಂಡಿಯಾ ಬ್ರಿಡ್ಜ್ ಕಡೆ ಹೋಗುವವರು ಕ್ಯಾಮೆರಾ ಹೊರತೆಗೆಯಬೇಡಿ. ಸೇತುವೆಯ ಆಚೆಗೆ ಅನುಮತಿ ಇಲ್ಲದೆ ಬಿಡುವುದಿಲ್ಲ.